ಏಳನೆಯ ಹಾಳೆಯ ಹೆಬ್ಬೆಟ್ಟು

“ಮುಟ್ಟಬೇಡಿ” ಎಂದು ಮಧುಕರ ಹೇಳುವಷ್ಟರಲ್ಲಿ ನಾನು ಮುಟ್ಟಿಯಾಗಿತ್ತು.

ಏಳನೆಯ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಕಣ್ಣು ಮುಚ್ಚಿ, ಅದರ ಬೆನ್ನ ಮೇಲೆ ಬೆರಳಾಡಿಸಿದೆ. ಅಕ್ಷರಗಳು ಒಂದೊಂದಾಗಿ ಉಬ್ಬಿಕೊಂಡು ಬೆರಳಿಗೆ ಸಿಕ್ಕಿದವು. ಮೂಗಿನ ಹತ್ತಿರ ತಂದೆ. ಹಸಿಮಣ್ಣಿನ ವಾಸನೆ.

ಆಮೇಲೆ ಆರನೆಯ ಹಾಳೆ ತಿರುವಿ ಹಾಕಿದೆ. ಐದನೆಯದು. ಹನ್ನೊಂದನೆಯದು. ಎಲ್ಲವೂ ಇಸ್ತ್ರಿ ಮಾಡಿದ ಪಂಚೆಯ ಹಾಗೆ ನುಣ್ಣಗಿದ್ದವು. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

ಗಂಟೆ ಹನ್ನೆರಡೂವರೆ. ಏಳನೆಯ ಹಾಳೆ ನಕಲಿ, ಅಸಲಿಯನ್ನು ಹಾಳೆ ಕೊಟ್ಟ ಮನೆಯ ಹುಡುಗ ಶಿವರಾಜು ಯಾರಿಗೋ ದಾಟಿಸಿದ್ದಾನೆ ಎಂಬುದು ಮಧುಕರ ಅವರ ದೂರು. ಸಂಜೆ ಐದರೊಳಗೆ, ಪೊಲೀಸ್ ಇಲಾಖೆಯಿಂದ ನಿವೃತ್ತನಾದ ನಾನು ಬೇರೆ ಹೆಸರು ಕೊಡದಿದ್ದರೆ ಇನ್‌ಸ್ಪೆಕ್ಟರ್ ಪುನೀತ್ ಅವನನ್ನು ಅವನು ಕೆಲಸ ಮಾಡುವ ಬ್ಲಫ್‌ನ ವಿದ್ಯುತ್ ಕೇಂದ್ರದ ಗೇಟಿನಲ್ಲೇ, ಜೊತೆ ಕೆಲಸದವರ ಕಣ್ಣೆದುರೇ ಜೀಪು ಹತ್ತಿಸುವವರಿದ್ದರು. ಅವನ ನೌಕರಿ ಖಾಯಂ ಆಗಿ ಇನ್ನೂ ಎಂಟೇ ತಿಂಗಳಾಗಿತ್ತು. ಜೀಪು ಹತ್ತಿದ ದಿನವೇ ಅದು ಹೋಯಿತು ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ಪುನೀತ್ ಸೋಫಾದಲ್ಲಿ ಕೂತು ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದರು. ಮನೆ ಮಧುಕರ ಅವರದು, ಮಂಡ್ಯದ ಗುತ್ತಲು ರಸ್ತೆಯಲ್ಲಿ. ಇತಿಹಾಸದ ಪ್ರೊಫೆಸರಾಗಿ ನಿವೃತ್ತರಾದವರು, ಇನ್ನೂ ಎಲ್ಲರನ್ನೂ ಮೊದಲ ಬೆಂಚಿನ ದಡ್ಡರಂತೆ ನೋಡುವವರು. ಮೂಲೆಯ ಕಂಪ್ಯೂಟರಿನ ಮುಂದೆ ಅವರ ಸಂಶೋಧನಾ ವಿದ್ಯಾರ್ಥಿನಿ ಆಶ್ರಿತಾ. ಈ ಇಬ್ಬರ ಮೇಲೂ ನನಗೆ ಬೆಳಗಿನಿಂದ ಅನುಮಾನವಿತ್ತು. ನಿಜ ಹೇಳಬೇಕೆಂದರೆ ಮಧುಕರ ಅವರೇ ಕಳ್ಳರಾಗಿದ್ದರೆ ಚೆನ್ನಾಗಿರುತ್ತಿತ್ತು ಎಂಬ ಆಸೆಯೂ ಇತ್ತು.

ಹಾಳೆಗಳ ಕಥೆ ನೂರು ವರ್ಷ ಹಳೆಯದು. ಶಿವರಾಜುವಿನ ಅಜ್ಜಿ ದೇವಿರಮ್ಮ. ಅವರ ತಾತ ಕೆಂಪಯ್ಯ. ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿದ್ದು, ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿದವನು. ಯುದ್ಧ ಮುಗಿದ ಮೇಲೆ, ಈಗಿನ ಜೋರ್ಡಾನಿನ ಜೆರಾಶ್ ಎಂಬ ಹಾಳು ರೋಮನ್ ಪಟ್ಟಣವನ್ನು ಅಳೆದು ನೋಡಲು ಬಂದಿದ್ದ ಒಬ್ಬ ಇಂಗ್ಲಿಷ್ ವಿದ್ವಾಂಸನ ಜೊತೆ ಐದು ತಿಂಗಳು ಉಳಿದುಕೊಂಡ. ಕಾರಣ, ಕೆಂಪಯ್ಯನ ಕೈಗೆ ಒಂದು ಕೆಲಸ ಬರುತ್ತಿತ್ತು. ಸೈನ್ಯಕ್ಕೆ ಸೇರುವ ಮುಂಚೆ ಊರೂರಿನ ಶಾಸನಗಳ ಪಡಿಯಚ್ಚು ತೆಗೆಯುವವರ ಜೊತೆ ತಿರುಗಿದ್ದ.

ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಬೇಕು. ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುವ ಹಾಗೆ ಮಾಡಬೇಕು. ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆ ತಟ್ಟಿದರೆ ಕಪ್ಪಿನ ನಡುವೆ ಬಿಳಿ ಅಕ್ಷರ ಉಳಿಯುತ್ತದೆ. ಮಳವಳ್ಳಿ ಸೀಮೆಯ ವೀರಗಲ್ಲುಗಳ ಮೇಲೆ ಪಳಗಿದ ಆ ಕೈ, ತಾನು ಕಂಡೇ ಇರದ ಗ್ರೀಕ್ ಅಕ್ಷರಗಳ ಹನ್ನೆರಡು ಅಚ್ಚು ತೆಗೆದು ತಂದಿತು. ಆ ಕಲ್ಲುಗಳು ಆಮೇಲೆ ಮನೆ ಕಟ್ಟುವವರ ಪಾಲಾದವು. ಅವು ಇದ್ದವು ಎನ್ನುವುದಕ್ಕೆ ಈಗ ಈ ಹಾಳೆಗಳಷ್ಟೇ ಸಾಕ್ಷಿ.

ಕೆಂಪಯ್ಯನಿಗೆ ಓದು ಬರಹ ಇರಲಿಲ್ಲ. ಅವನು ಹೇಳಿದ್ದನ್ನು ಜೊತೆಯ ಸವಾರನೊಬ್ಬ ಹಾಳೆಯ ಬೆನ್ನಿಗೆ ಬರೆದುಕೊಟ್ಟಿದ್ದಾನೆ. ಮೂರನೆಯದರ ಬೆನ್ನಿಗೆ: ‘ಮೆಟ್ಟಿಲು ಮೆಟ್ಟಿಲಾಗಿ ಅದೆ. ಕಲ್ಯಾಣಿ ಅಂದುಕೊಂಡೆ. ನೀರಿಲ್ಲ. ಇಲ್ಲಿ ಕೂತು ನಾಟಕ ನೋಡುತ್ತಿದ್ದರಂತೆ, ದೊರೆ ಹೇಳಿದರು.’ ಏಳನೆಯದರ ಬೆನ್ನಿಗೆ: ‘ಮಗುವಿನ ಸಮಾಧಿ ಕಲ್ಲು. ಹೆಣ್ಣು ಮಗು.’ ಪ್ರತಿ ಹಾಳೆಯ ಮುಂದಿನ ಬಲ ಮೂಲೆಯಲ್ಲಿ, ಇದು ನನ್ನ ಕೆಲಸ ಎಂದು ಮಸಿಯಲ್ಲಿ ಒಂದು ಹೆಬ್ಬೆಟ್ಟು.

ತಿಂಗಳ ಹಿಂದೆ ದೇವಿರಮ್ಮ ಈ ಹನ್ನೆರಡನ್ನೂ ಅಧ್ಯಯನಕ್ಕೆಂದು ಮಧುಕರ ಅವರಿಗೆ ಕೊಟ್ಟಿದ್ದರು. ಕಳೆದ ಶನಿವಾರ ಶಿವರಾಜು ಬಂದು, ಅಜ್ಜಿ ಒಮ್ಮೆ ನೋಡಬೇಕಂತೆ ಎಂದು ಏಳನೆಯದನ್ನು ಮಾತ್ರ ತೆಗೆದುಕೊಂಡು ಹೋದ. ಸೋಮವಾರ ವಾಪಸು ತಂದ. ಅಲ್ಲಿಂದ ಶುರುವಾದದ್ದು ಈ ರಗಳೆ.

“ಏಳನೆಯದಕ್ಕೂ ಉಳಿದ ಹನ್ನೊಂದಕ್ಕೂ ಹೋಲಿಕೆಯೇ ಇಲ್ಲ” ಎಂದು ಮಧುಕರ ಮತ್ತೆ ಪಾಠ ಶುರು ಮಾಡಿದರು. ಕಲೆ ಬರಲಿ ಎಂದು ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ್ದಾರಂತೆ. ಹಳೆಯದಾಗಿ ಕಾಣಲಿ ಎಂದು ಅಂಚಿನಲ್ಲಿ ಬೇಕೆಂದೇ ಸುಟ್ಟಿದ್ದಾರಂತೆ.

“ಕೂದಲು ನೋಡಿದಿರಾ?” ಎಂದೆ.

ಕೆಂಪಯ್ಯನ ಬ್ರಷ್ಷು ಕುದುರೆಯ ಮೈ ತಿಕ್ಕುವ ಬ್ರಷ್ಷು. ಕುಟ್ಟುವಾಗ ಅದರ ಕೂದಲು ಉದುರಿ ಕಾಗದಕ್ಕೆ ಅಂಟಿಕೊಂಡಿರುವುದು ಎಲ್ಲ ಹಾಳೆಗಳಲ್ಲೂ ಕಾಣುತ್ತಿತ್ತು. ನಾನು ಜೇಬಿನಿಂದ ಚಿಮಟ ತೆಗೆದು ಏಳನೆಯ ಹಾಳೆಯ ಒಂದು ಕೂದಲಿನ ತುದಿ ಹಿಡಿದೆ. ಅದು ಬಿಟ್ಟುಕೊಂಡು ಬಂತು.

ಆರನೆಯ ಹಾಳೆಯ ಕೂದಲು ಹಿಡಿಯಲು ಹೋದೆ. ಚಿಮಟ ಜಾರಿತು. ಐದನೆಯದರಲ್ಲೂ ಜಾರಿತು. ಮಸೂರ ಹಿಡಿದು ಬಗ್ಗಿ ನೋಡಿದೆ. ಕೂದಲಲ್ಲ ಅದು. ಯಾರೋ ಮಹಾನುಭಾವ ಸಣ್ಣ ಕುಂಚದಲ್ಲಿ, ಉಸಿರು ಹಿಡಿದುಕೊಂಡು, ಕೂದಲನ್ನೂ ಬಿಡದೆ ಬರೆದಿದ್ದ.

“ಪ್ರೊಫೆಸರೇ, ನೀವು ಹೇಳಿದ್ದು ಸರಿ. ಏಳನೆಯದಕ್ಕೂ ಉಳಿದವಕ್ಕೂ ಹೋಲಿಕೆ ಇಲ್ಲ. ಏಳನೆಯದು ಅಸಲಿ. ಉಳಿದ ಹನ್ನೊಂದೂ ನಕಲಿ.”

ಮಧುಕರ ಆರನೆಯ ಹಾಳೆಯನ್ನು ತಾವೇ ತಿರುವಿ ಹಾಕಿ ಬೆರಳಾಡಿಸಿದರು. ಏಳನೆಯದರ ಮೇಲೆ ಆಡಿಸಿದರು. ಮತ್ತೆ ಆರನೆಯದು. ಈ ಹಾಳೆಗಳನ್ನು ಅಸಲಿ ಎಂದೇ ನಂಬಿ ಅವರು ಅದಾಗಲೇ ಒಂದು ಲೇಖನ ಬರೆದು ವಿದೇಶಕ್ಕೆ ಕಳುಹಿಸಿದ್ದರು. ಮುಖದ ಬಣ್ಣ ಇಳಿದಿತ್ತು. ನನಗೆ ಮೊದಲ ಸಲ ಅವರ ಮೇಲೆ ಅಯ್ಯೋ ಅನ್ನಿಸಿತು.

ಪುನೀತ್ ಲೋಟ ಕೆಳಗಿಟ್ಟರು. “ಸರ್, ಹಾಗಾದ್ರೆ ಶಿವರಾಜು ನಕಲಿ ತಗೊಂಡು ಹೋಗಿ ಅಸಲಿ ತಂದು ಕೊಟ್ನಾ? ಇದಕ್ಕೆ ನಾನು ಯಾವ ಸೆಕ್ಷನ್ ಹಾಕ್ಲಿ?”

ಒಳ್ಳೆಯ ಪ್ರಶ್ನೆ. ಸುಳ್ಳನ್ನು ಒಯ್ದು ನಿಜವನ್ನು ಇಟ್ಟುಹೋಗುವ ಕಳ್ಳನನ್ನು ನಾನು ಮೂವತ್ತೊಂದು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಶನಿವಾರದ ಮುಂಚೆ ಏಳನೆಯ ಹಾಳೆ ಹೇಗಿತ್ತು ಎಂದು ಆಶ್ರಿತಾಳನ್ನು ಕೇಳಿದೆ. ಆ ಹುಡುಗಿ ಅಳುಕಿನಿಂದಲೇ, ಆದರೆ ತಡವರಿಸದೆ ಹೇಳಿದಳು. ಹಾಳೆಗಳು ಬಂದ ಮೊದಲ ದಿನವೇ ಹನ್ನೆರಡನ್ನೂ ಸ್ಕ್ಯಾನ್ ಮಾಡಿದ್ದಳು. ಹನ್ನೆರಡೂ ಗಾಜಿನ ಮೇಲೆ ಸಮವಾಗಿ ಕೂತಿದ್ದವು. ವಾಸನೆಯೂ ಇರಲಿಲ್ಲ, ಕಲೆಯೂ ಇರಲಿಲ್ಲ.

ನನಗೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಮೊದಲ ದಿನವೇ ಎಲ್ಲವೂ ನಯವಾಗಿದ್ದವು ಎಂದರೆ ದೇವಿರಮ್ಮನ ಮನೆಯಿಂದ ಬಂದಿದ್ದೇ ನಕಲಿ. ಇವರ ಮನೆಯಲ್ಲಿ ಯಾರೂ ಏನೂ ಬದಲಿಸಿಲ್ಲ.

ಮಧುಕರ ಅಷ್ಟರಲ್ಲಿ ಚೇತರಿಸಿಕೊಂಡಿದ್ದರು. ಸೋತ ಜಾಗದಿಂದಲೇ ಎದ್ದು ನಿಲ್ಲುವುದು ಅವರಿಗೆ ಗೊತ್ತಿತ್ತು. ಹಾಗಾದರೆ ಇದು ಒಂದು ಹಾಳೆಯ ಕಳ್ಳತನವಲ್ಲ, ಹನ್ನೆರಡು ಹಾಳೆಗಳ ಮೋಸ ಎಂದರು. ಅಸಲಿಯೆಲ್ಲ ಶಿವರಾಜುವಿನ ಹತ್ತಿರವೇ ಇವೆ, ಹನ್ನೊಂದನ್ನು ಎಲ್ಲಿಟ್ಟಿದ್ದಾನೆ ಎಂದು ಬಾಯಿ ಬಿಡಿಸಿ ಎಂದರು. ಪುನೀತ್ ನನ್ನ ಕಡೆ ನೋಡಿದರು. ಬೆಳಿಗ್ಗೆ ಶಿವರಾಜುವಿನ ತಲೆಯ ಮೇಲೆ ಒಂದು ಹಾಳೆಯ ಭಾರವಿತ್ತು. ನನ್ನ ಜಾಣತನದಿಂದ ಈಗ ಹನ್ನೊಂದು.

“ಐದು ಗಂಟೆ ಅಂದ್ರೆ ಐದು ಗಂಟೆ ಸರ್. ಗೇಟಿಗೆ ನಾನೇ ಹೋಗ್ತೀನಿ. ಅಷ್ಟರೊಳಗೆ ನೀವು ಬೇರೆ ಹೆಸರು ಹೇಳಿದ್ರೆ ಜೀಪು ಖಾಲಿ ವಾಪಸ್ ಬರುತ್ತೆ.”

ಶಿವರಾಜುವನ್ನು ನಿನ್ನೆ ಪುನೀತ್ ಅವರೇ ಎರಡು ಗಂಟೆ ವಿಚಾರಿಸಿದ್ದರು. ‘ತಂದಿದ್ದನ್ನ ಕೊಟ್ಟಿದ್ದೀನಿ’ ಎನ್ನುವುದೊಂದನ್ನು ಬಿಟ್ಟು ಅವನ ಬಾಯಿಂದ ಇನ್ನೊಂದು ಮಾತು ಹೊರಟಿರಲಿಲ್ಲ.

ನಾನು ಆಶ್ರಿತಾಳಿಂದ ಹನ್ನೆರಡು ಸ್ಕ್ಯಾನುಗಳ ಪ್ರತಿ, ಹಾಳೆ ಕೊಟ್ಟ ದಿನ ದೇವಿರಮ್ಮ ಮಾಡಿಕೊಟ್ಟ ಒಪ್ಪಿಗೆ ಪತ್ರದ ಜೆರಾಕ್ಸು ಕೇಳಿ ತೆಗೆದುಕೊಂಡೆ. ಏಳನೆಯ ಹಾಳೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡೆ. ಕೈ ಸುಮ್ಮನಿರಲಿಲ್ಲ, ಅಷ್ಟೆ.

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಮದ್ದೂರಿನ ಬಸ್ಸು ಹೊರಡುವ ಹೊತ್ತಿಗೆ ಒಂದೂಮುಕ್ಕಾಲು. ಕಿಟಕಿ ಪಕ್ಕ ಕೂತೆ, ಬಿಸಿಲು ಹೊಡೆಯಿತು. ಈಚೆ ಬದಿಗೆ ಬಂದೆ, ಕಾಲಿಡಲು ಜಾಗವಿರಲಿಲ್ಲ. ಮೂರನೆಯ ಸಲ ಎದ್ದಾಗ ಕಂಡಕ್ಟರ್ ನನ್ನ ಬಿಳಿ ಕೂದಲಿಗೂ ಮರ್ಯಾದೆ ಕೊಡದೆ, “ಒಂದ್ ಕಡೆ ಕೂತ್ಕಳಿ ಯಜಮಾನ್ರೆ, ಬಸ್ಸೇನ್ ನಿಮ್ಮನೆ ಪಡಸಾಲೆ ಅಲ್ಲ” ಎಂದ. ಕೂತೆ.

ದೇವಿರಮ್ಮ ನಮ್ಮ ಮನೆಗೆ ಬಂದದ್ದು ಮೊನ್ನೆ. ಎಂಬತ್ತೆರಡರ ಹೆಂಗಸು, ಎರಡು ವರ್ಷದಿಂದ ಕೋಲಿಲ್ಲದೆ ನಾಲ್ಕು ಹೆಜ್ಜೆ ಇಡಲಾಗದವರು, ಮಳವಳ್ಳಿಯ ಆಚೆಯಿಂದ ಆಟೋ ಮಾಡಿಸಿಕೊಂಡು ಬಂದಿದ್ದರು. ನನ್ನ ಹೆಂಡತಿ ಚೂಡಾಮಣಿಯ ಕೈಗೆ ನಾಲ್ಕು ಅಚ್ಚು ಬೆಲ್ಲ ಇಟ್ಟು, ನಿಂತೇ ಮಾತಾಡಿದರು. “ನನ್ ಮೊಮ್ಮಗ ಕದ್ದಿದ್ರೆ ನೀವೇ ಇಡ್ಕೊಡಿ ಸಾಮಿ. ಕದ್ದಿಲ್ದೆ ಇದ್ರೆ, ಕದ್ದೋರ್ನ ಇಡೀರಿ. ಯಾರೇ ಆಗಿರ್ಲಿ, ಬುಡಬೇಡಿ.” ಅಪ್ಪ ಅಮ್ಮ ಇಲ್ಲದ ಶಿವರಾಜುವನ್ನು ಎರಡು ವರ್ಷದ ಕೂಸಿನಿಂದ ಸಾಕಿದವರು ಅವರು. ಆ ಮಾತಾಡುವಾಗ ಅವರ ದನಿ ನಡುಗಲಿಲ್ಲ.

ಮದ್ದೂರಿನಲ್ಲಿ ಮಳವಳ್ಳಿ ಬಸ್ಸಿಗೆ ನಲವತ್ತು ನಿಮಿಷ ಕಾದೆ. ನಿಂತೆ, ಕೂತೆ, ಮತ್ತೆ ನಿಂತೆ. ಕೊನೆಗೆ ಬಂದ ಬಸ್ಸಿನ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಸ್ಕ್ಯಾನುಗಳನ್ನು ಹರಡಿದೆ.

ನಾನು ಇದ್ದದ್ದು ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ. ಮಂಡ್ಯದ ಅರ್ಧ ಜನ ನನ್ನನ್ನು ಸ್ಟೇಷನ್ ರೈಟರ್ ಅಂದುಕೊಂಡಿದ್ದಾರೆ, ಇನ್ನರ್ಧ ಜನ ಮಗಳ ಮದುವೆ ಯಾವಾಗ ಎಂದು ಅಂಗೈ ಚಾಚುತ್ತಾರೆ. ನನಗೆ ಗೊತ್ತಿರುವುದು ಒಂದೇ ವಿದ್ಯೆ. ಬೆಳಗಿನಿಂದ ಅಕ್ಷರ, ಕೂದಲು, ವಾಸನೆ ಎಂದು ಅಲೆದಾಡಿದ ನಾನು ನನ್ನ ಸ್ವಂತ ವಿದ್ಯೆಯನ್ನೇ ಮರೆತಿದ್ದೆ. ನಾಚಿಕೆಯಾಯಿತು.

ಮೊಬೈಲ್ ತೆಗೆದು ಅಸಲಿ ಏಳನೆಯ ಹಾಳೆಯ ಹೆಬ್ಬೆಟ್ಟನ್ನು ದೊಡ್ಡದು ಮಾಡಿದೆ. ನಟ್ಟನಡುವೆ ಒಂದು ಸುಳಿ. ಸಾಲುಗಳು ಅದರ ಸುತ್ತ ದುಂಡಗೆ ತಿರುಗಿದ್ದವು. ಇದು ಕೆಂಪಯ್ಯ.

ನಕಲಿ ಆರನೆಯ ಹಾಳೆಯ ಸ್ಕ್ಯಾನು ನೋಡಿದೆ. ಬಸ್ಸು ಕುಲುಕುತ್ತಿತ್ತು, ಮಸೂರ ಒಂದು ಕಡೆ, ಕಾಗದ ಒಂದು ಕಡೆ. ಉಸಿರು ಬಿಗಿ ಹಿಡಿದು ನೋಡಿದೆ. ಅಲ್ಲಿ ಸುಳಿ ಇರಲಿಲ್ಲ. ಸಾಲುಗಳು ಎಡದಿಂದ ಬಂದು, ಕುಣಿಕೆಯ ಹಾಗೆ ಬಾಗಿ, ಎಡಕ್ಕೇ ವಾಪಸು ಹೋಗಿದ್ದವು. ಐದನೆಯದರಲ್ಲಿ ಅದೇ ಕುಣಿಕೆ. ಹತ್ತನೆಯದರಲ್ಲೂ ಅದೇ.

ನಕಲು ಮಾಡಿದವನಿಗೆ ಕೂದಲು ಬರೆಯುವ ತಾಳ್ಮೆಯಿತ್ತು, ಹೆಬ್ಬೆಟ್ಟಿನ ಸಾಲು ಬರೆಯುವುದು ಮಾತ್ರ ಆಗಿರಲಿಲ್ಲ. ಯಾರದೋ ನಿ‌ಜವಾದ ಬೆರಳನ್ನೇ ಒತ್ತಿಸಿಬಿಟ್ಟಿದ್ದ. ಹೆಬ್ಬೆಟ್ಟು ಅಂದರೆ ಹೆಬ್ಬೆಟ್ಟು, ಯಾರದಾದರೇನು ಎಂದುಕೊಂಡಿರಬೇಕು.

ಆ ಕುಣಿಕೆಯ ಮೇಲೆ ಓರೆಯಾಗಿ ಒಂದು ಬಿಳಿ ಗೀರು ಹಾದುಹೋಗಿತ್ತು. ಹಳೆಯ ಗಾಯದ ಗುರುತು. ಕುಡುಗೋಲು ತಾಗಿ ಆಗುವಂಥದು.

ಒಪ್ಪಿಗೆ ಪತ್ರದ ಜೆರಾಕ್ಸನ್ನು ತೆಗೆಯುವ ಮುಂಚೆಯೇ ನನಗೆ ಗೊತ್ತಾಗಿತ್ತು. ಗೊತ್ತಾಗಿದ್ದು ಸುಳ್ಳಾಗಲಿ ಎಂದುಕೊಂಡೇ ತೆಗೆದೆ. ಕೆಳಗೆ, ‘ದೇವಿರಮ್ಮ ರುಜು’ ಎಂದು ಬರೆದ ಜಾಗದ ಪಕ್ಕದಲ್ಲಿ, ಅದೇ ಕುಣಿಕೆ. ಅದೇ ಓರೆ ಗೀರು.

ಯಾರೇ ಆಗಿರ್ಲಿ, ಬುಡಬೇಡಿ ಎಂದಿದ್ದರಲ್ಲ. ಕಾಗದಗಳನ್ನು ಬ್ಯಾಗಿಗೆ ತುಂಬಿ ಮಳವಳ್ಳಿಯವರೆಗೂ ಬಾಗಿಲ ಹತ್ತಿರವೇ ನಿಂತಿದ್ದೆ.

ಆಟೋ ಇಳಿದಾಗ ನಾಲ್ಕು ಇಪ್ಪತ್ತೈದು. ಬ್ಲಫ್ ರಸ್ತೆಯಿಂದ ಒಳಕ್ಕೆ ಅರ್ಧ ಮೈಲಿ, ಹೊಲದ ಅಂಚಿನ ಹೆಂಚಿನ ಮನೆ. ದೇವಿರಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟರು.

“ಸಿಕ್ಕುದ್ರಾ ಸಾಮಿ ಕಳ್ಳ?”

ಮೊದಲು ಭಾನುವಾರದ ವಿಷಯ ಕೇಳಿದೆ. ಶಿವರಾಜು ತಂದ ಹಾಳೆಯನ್ನು ಅವತ್ತು ನೋಡಿದಿರಾ ಎಂದೆ. ಮನೆಗೆ ಯಾವ ಹಾಳೆಯೂ ಬಂದಿಲ್ಲವಲ್ಲ ಎಂದರು. ತಾವು ಹಾಳೆ ಬೇಕೆಂದು ಯಾರನ್ನೂ ಕೇಳಿರಲಿಲ್ಲವಂತೆ. ಭಾನುವಾರ ಡ್ಯೂಟಿ ಇದೆ ಎಂದು ಬೆಳಿಗ್ಗೆಯೇ ಹೋದ ಹುಡುಗ ಸಂಜೆಗೆ ಬಂದನಂತೆ.

ಬ್ಲಫ್‌ನಲ್ಲಿ ಆ ಭಾನುವಾರ ಅವನಿಗೆ ವಾರದ ರಜೆ ಎಂದು ಪುನೀತ್ ಅವರ ಕಡತದಲ್ಲಿ ನಾನು ಬೆಳಿಗ್ಗೆ ಓದಿದ್ದೆ. ಅದನ್ನು ಹೇಳಲಿಲ್ಲ. ಒಪ್ಪಿಗೆ ಪತ್ರದ ಜೆರಾಕ್ಸು, ಪಕ್ಕಕ್ಕೆ ಆರನೆಯ ಹಾಳೆಯ ಸ್ಕ್ಯಾನು ಇಟ್ಟೆ. ಎರಡು ಹೆಬ್ಬೆಟ್ಟನ್ನೂ ತೋರಿಸಿದೆ.

ನಾನು ಅಳು ನಿರೀಕ್ಷಿಸಿದ್ದೆ, ಇಲ್ಲವೇ ಜಗಳ. ದೇವಿರಮ್ಮ ತಮ್ಮ ಹೆಬ್ಬೆರಳನ್ನು ತಿರುಗಿಸಿ ಗೀರನ್ನು ನೋಡಿಕೊಂಡರು.

“ನಂದೇಯ. ಅದ್ಕೇನೀಗ?”

“ತಾತನ ಹೆಬ್ಬೆಟ್ಟು ಇರಬೇಕಾದ ಜಾಗದಲ್ಲಿ ನಿಮ್ಮದು ಹೇಗೆ ಬಂತಮ್ಮ?”

“ತಾತ ಸತ್ತೋದ್ಮೇಲೆ ಮೊಮ್ಮಗಳು ಒತ್ತಬಾರ್ದಾ? ಒಲ ನಂಗೆ ಬಂತು, ಮನೆ ನಂಗೆ ಬಂತು. ಎಲ್ಲಾ ಕಾಗ್ದಕ್ಕೂ ಅವ್ನ ಜಾಗ್ದಲ್ಲಿ ನಾನೇ ಒತ್ತಿರೋದು. ಇದ್ಕೂ ಒತ್ತುದೆ.”

ನಕಲು ಮಾಡಿದವನು ಅವರ ತಮ್ಮ ಸಿದ್ದರಾಜು. ಕೊಕ್ಕರೆ ಬೆಳ್ಳೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು, ಕೊಕ್ಕರೆಯ ಪುಕ್ಕವನ್ನು ಒಂದೊಂದೂ ಬಿಡದೆ ಬರೆಯುತ್ತಿದ್ದನಂತೆ. ಮದುವೆಯಾಗಲಿಲ್ಲ. ತಾತನ ಹಾಳೆಗಳೇ ಅವನಿಗೆ ಸಂಸಾರ. ನಿವೃತ್ತಿಯಾದ ಮೇಲೆ ಎರಡು ವರ್ಷ ಕೂತು ಹನ್ನೆರಡನ್ನೂ ನಕಲು ಮಾಡಿದ. ಹೆಬ್ಬೆಟ್ಟಿನ ಸಾಲು ಬರೆಯಲು ಕೈ ನಡುಗುತ್ತದೆ, ನೀನೂ ತಾತನ ರಕ್ತವೇ ತಾನೆ, ಒತ್ತು ಎಂದು ಅಕ್ಕನಿಗೆ ಹೇಳಿದ. ಆರು ವರ್ಷದ ಹಿಂದೆ ತೀರಿಕೊಂಡ.

ತಮ್ಮನ ಕೆಲಸ ತಾತನ ಕೆಲಸಕ್ಕಿಂತ ಒಂದು ಎಳೆಯೂ ಕಮ್ಮಿಯಿಲ್ಲ, ಮೇಷ್ಟ್ರಿಗೆ ಓದಲು ಅದು ಸಾಲದೇ ಎಂದೇ ಅವರು ಮಧುಕರ ಅವರಿಗೆ ಕೊಟ್ಟಿದ್ದರು. ಮೋಸ ಎನ್ನುವ ಮಾತೇ ಅವರ ತಲೆಗೆ ಹೊಳೆದಿರಲಿಲ್ಲ. ಏಳನೆಯದು ನಕಲಿ ಎಂದು ಪೊಲೀಸರು ಬಂದಾಗ ಮಾತ್ರ ಹೆದರಿಕೆಯಾಯಿತಂತೆ. ಯಾಕೆಂದರೆ ಅದು ನಕಲೇ ಆಗಿತ್ತಲ್ಲ. ಅದನ್ನು ಬಾಯಿ ಬಿಡದೆ, ತಮ್ಮನ ಹಾಳೆಯನ್ನೇ ಯಾರೋ ಕದ್ದಿರಬೇಕು ಎಂದುಕೊಂಡು ನನ್ನ ಹತ್ತಿರ ಬಂದಿದ್ದರು.

ನನ್ನ ಎದೆಯಿಂದ ಒಂದು ಭಾರ ಇಳಿಯಿತು. ಇದನ್ನು ಪುನೀತ್‌ಗೆ ಹೇಳಿದರೆ ಜೀಪು ಖಾಲಿ ಹೋಗುತ್ತದೆ. ಇನ್ನು ಒಂದೇ ಪ್ರಶ್ನೆ. ಅಸಲಿ ಎಲ್ಲಿವೆ ಎಂದು ಕೇಳಿದೆ.

ದೇವಿರಮ್ಮ ಕೋಲೆತ್ತಿ ಹೊಲದ ಮೂಲೆ ತೋರಿಸಿದರು. ಬೇವಿನ ಮರದ ಕೆಳಗೆ ಒಂದು ಚಪ್ಪಡಿ ಕಲ್ಲು. ಅವರ ಕಡೆ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುತ್ತಾರೆ.

“ಸಿದ್ರಾಜು ಅಡೀಲವೆ. ಸಾಯೋಕ್ ಮುಂಚೆ ಕೈ ಇಡ್ಕೊಂಡು ಕೇಳ್ಕೊಂಡ. ಅಕ್ಕಾ, ನಕ್ಲು ನೀವಿಟ್ಕಳಿ, ಅವ್ನ ನನ್ ಜೊತೇಲಿ ಕಳ್ಸು ಅಂದ. ಮೇಣದ್ ಬಟ್ಟೇಲಿ ಸುತ್ತಿ, ತಗಡಿನ್ ಪೆಟ್ಟಿಗೇಲಿ ಆಕಿ ಕಳುಸ್ದೆ.”

“ಹನ್ನೆರಡನ್ನೂ?”

“ಅನ್ನೆರಡೂವೆ. ನಾನೇ ಎಣಿಸ್ದೆ.”

ಹಸಿಮಣ್ಣಿನ ವಾಸನೆ ನನ್ನ ಮೂಗಿಗೆ ಮತ್ತೆ ಬಂದ ಹಾಗಾಯಿತು. ಮೊಬೈಲ್ ತೆಗೆದು ಏಳನೆಯ ಹಾಳೆಯ ಫೋಟೋವನ್ನು ಅವರ ಮುಂದೆ ಹಿಡಿದೆ. ಮಧುಕರ ಅವರ ಮೇಜಿನ ಮೇಲೆ ಈಗ ಇರುವುದು ಇದು, ಭಾನುವಾರದ ಮೇಲೆ ಬಂದದ್ದು, ಇದು ನಕಲಿಯಲ್ಲ ಎಂದು ಹೇಳಿದೆ.

ಅವರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಸುಳಿಯನ್ನು ನೋಡಲಿಲ್ಲ, ಅಕ್ಷರವನ್ನೂ ನೋಡಲಿಲ್ಲ. ಅಂಚಿನ ಸುಟ್ಟ ತೂತಿನ ಮೇಲೆ ಬೆರಳಿಟ್ಟರು. ಅವರು ಐದು ವರ್ಷದವರಿದ್ದಾಗ ಬುಡ್ಡಿ ದೀಪ ತಾಗಿಸಿ ಮಾಡಿದ ತೂತು ಅದು. ಅದಕ್ಕೆ ಅವ್ವನ ಹತ್ತಿರ ಬಿದ್ದ ಏಟು ಇನ್ನೂ ನೆನಪಿತ್ತು.

“ಇದು ಮಣ್ಣಲ್ಲಿರ್ಬೇಕಾಗಿತ್ತು” ಎಂದರು. ಆ ದನಿಯನ್ನು ನಾನು ಮೊನ್ನೆ ಕೇಳಿರಲಿಲ್ಲ.

ನಾವಿಬ್ಬರೂ ಬೇವಿನ ಮರದ ಕಡೆ ನೋಡಿದೆವು. ಚಪ್ಪಡಿಯ ಸುತ್ತ ಹುಲ್ಲು ಬೆಳೆದಿತ್ತು. ಒಂದು ಪಕ್ಕದಲ್ಲಿ ಮಾತ್ರ ಬೆಳೆದಿರಲಿಲ್ಲ. ಮಂಡಿ ನೋವಿನಿಂದ ಅವರು ಎರಡು ವರ್ಷದಿಂದ ಅಲ್ಲಿಯವರೆಗೆ ಹೋಗಿರಲಿಲ್ಲವಂತೆ.

ನನಗೆ ಆ ಪ್ರಶ್ನೆ ಕೇಳಲು ಇಷ್ಟವಿರಲಿಲ್ಲ. ಕೇಳದೆ ಬೇರೆ ದಾರಿಯೂ ಇರಲಿಲ್ಲ.

“ಪೆಟ್ಟಿಗೆ ಅಲ್ಲಿದೆ ಅಂತ ಯಾರ‍್ಯಾರಿಗೆ ಗೊತ್ತಿತ್ತಮ್ಮ?”

“ಯಾರ್ಗೂ ಇಲ್ಲ. ಜನ ನೋಡುದ್ರೆ ಒಡವೆ ಗಿಡವೆ ಅನ್ಕೊಂಡು ಅಗ್ದಾರು ಅಂತ, ಊರೋರು ಸೇರೋಕ್ ಮುಂಚೇನೆ ಗುಂಡಿ ಅಡೀಲಿ ಇಟ್ಟು ಮೇಲೆ ಒಂದ್ ಗೇಣು ಮಣ್ಣಾಕುದ್ವು. ನಾನು ಮೇಲ್ನಿಂತ್ಕಂಡು ಪೆಟ್ಟಿಗೆ ಕೊಟ್ಟೆ. ಗುಂಡೀಗಿಳ್ದು ಇಟ್ಟೋನು ಸಿವ...”

ಹೆಸರು ಪೂರ್ತಿ ಹೊರಗೆ ಬರಲಿಲ್ಲ. ಅವರು ಬಾಯಿ ಮುಚ್ಚಿಕೊಂಡರು. ತಾವು ಹೇಳಿದ್ದು ಏನು ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಹರಡಿತು. ನನ್ನ ಲೆಕ್ಕವೂ ಕೂಡಿತು: ಕೇಳದೇ ಇದ್ದ ಹಾಳೆ, ಇಲ್ಲದ ಡ್ಯೂಟಿ, ಹುಲ್ಲಿಲ್ಲದ ಮಣ್ಣು. ಇಬ್ಬರಿಗೇ ಗೊತ್ತಿದ್ದ ಜಾಗ. ಒಬ್ಬರು ಕೋಲಿಲ್ಲದೆ ನಡೆಯಲಾರದವರು.

ಮೊಮ್ಮಗನನ್ನು ಉಳಿಸಲು ಅವರು ನನ್ನನ್ನು ಕರೆದಿದ್ದರು. ನಾನು ಮಂಡ್ಯದಿಂದ ಇಲ್ಲಿಯವರೆಗೆ ಓಡಿಬಂದು, ಅವರ ಬಾಯಿಂದಲೇ ಅವನನ್ನು ಹಿಡಿಸಿಕೊಟ್ಟಿದ್ದೆ. ಯಾಕೆ ಅಗೆದ ಎಂಬುದು ಅವನಿಗಷ್ಟೇ ಗೊತ್ತು, ಆದರೆ ಹೆಣ ಹೂತ ಮಣ್ಣನ್ನು ಅಗೆದದ್ದಕ್ಕೆ ಪುನೀತ್ ಅವರ ಹತ್ತಿರ ಸೆಕ್ಷನ್ ಇತ್ತು.

ಅವರ ಕೈಯಲ್ಲಿದ್ದ ನನ್ನ ಫೋನು ಹೊಡೆದುಕೊಂಡಿತು. ನನಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಕೈ ಚಾಚಿ ಹಸಿರು ಗುಂಡಿ ಒತ್ತಿದೆ.

“ಸರ್, ಪುನೀತ್. ಗೇಟಲ್ಲಿದ್ದೀನಿ. ಸೈರನ್ ಆಯ್ತು, ಜನ ಹೊರಗೆ ಬರ್ತಿದ್ದಾರೆ. ಹಾಂ, ಅಗೋ ಬಂದ. ಕೈಯಲ್ಲಿ ಟಿಫನ್ ಕ್ಯಾರಿಯರ್. ನನ್ನ ನೋಡಿ ನಿಂತ್ಕೊಂಡ. ಸರ್, ಹೆಸರು ಸಿಕ್ತಾ? ಬೇಗ ಹೇಳಿ.”

ಫೋನಿಗಾಗಿ ಕೈ ಮುಂದೆ ಮಾಡಿದೆ. ದೇವಿರಮ್ಮ ಕೊಡಲಿಲ್ಲ. ಎರಡೂ ಕೈಯಲ್ಲಿ ಅದನ್ನು ಬಾಯಿಯ ಹತ್ತಿರ ಹಿಡಿದುಕೊಂಡರು. ತೊಡೆಯ ಮೇಲಿದ್ದ ಕೋಲು ಉರುಳಿ ಜಗಲಿಯ ಕೆಳಗೆ ಬಿತ್ತು.

“ಸಾಮಿ, ನಾನು ದೇವಿರಮ್ಮ. ಅವ್ನ ಮುಟ್ಬೇಡಿ, ಮನೇಗ್ ಕಳ್ಸಿ. ಗುಂಡಿ ತೆಗ್ದೋಳು ನಾನು. ಬಾನ್ವಾರ ನಾನೇ ಅಗ್ದೆ, ಆಳೆ ನಾನೇ ತೆಗ್ದೆ. ಅವ್ನಿಗೇನೂ ಗೊತ್ತಿಲ್ಲ. ಕೇಳಿ ಬೇಕಾದ್ರೆ, ಅಯ್ನೋರು ಇಲ್ಲೇ ಅವ್ರೆ, ಎಲ್ಲಾ ಅವ್ರ ಮುಂದೇನೆ ಒಪ್ಕೊಂಡಿದ್ದೀನಿ.”

ಹೇಳಿ ಮುಗಿಸಿ ಫೋನನ್ನು ನನ್ನ ಕೈಗೆ ಹಾಕಿದರು. ನನ್ನ ಕಡೆ ನೋಡಲಿಲ್ಲ. ಜಗಲಿಯ ಅಂಚಿಗೆ ಸರಿದು ಕೋಲಿಗಾಗಿ ಬಗ್ಗಿದರು. ಎಟುಕಲಿಲ್ಲ. ಮತ್ತೆ ಬಗ್ಗಿದರು. ಆಗಲೂ ಎಟುಕಲಿಲ್ಲ.

“ಸರ್, ಇದ್ದೀರಾ?” ಎಂದರು ಪುನೀತ್. “ಈಯಮ್ಮ ಹೇಳ್ತಿರೋದು ನಿಜಾನಾ?”